ಜಾಗ ಬದಲಿಸಿದ ಫೋಟೋಗಳು

ಫೋನಿನಲ್ಲಿ ಚಿಕ್ಕಪ್ಪ ಅಳುವುದೊಂದು ಬಾಕಿ. "ಪುಟ್ಟೀ, ಏನೋ ಎಡವಟ್ಟು ಮಾಡ್ಕೊಂಡ್ಬಿಟ್ಟೆ ಕಣೇ. ಫೋಟೋಗಳನ್ನೆಲ್ಲ ಹೊಸ ಫೋಲ್ಡರಿಗೆ ಹಾಕಿದೆ, ಅಷ್ಟೇ. ಕೆಳಗೆ ಬರೆದಿದ್ದೆಲ್ಲ ಹೋಗ್ಬಿಟ್ಟಿದೆ."

ಪುಟ್ಟಿಗೆ ತಲೆಗೂದಲು ನರೆಯುತ್ತಿದ್ದರೂ ಆ ಹೆಸರು ಹೋಗಿರಲಿಲ್ಲ. ಫೋಟೋ ಜೋಡಿಸಿಡುವ ಸಾಫ್ಟ್‌ವೇರ್ ಬರೆಯುವುದು ಅವಳ ಕೆಲಸ. ಮನೆಮಂದಿಗೆಲ್ಲ ಅದನ್ನು ಹಾಕಿಕೊಟ್ಟು ಬೀಗಿದವಳೂ ಅವಳೇ. ಚಿಕ್ಕಮ್ಮ ಹಾಸಿಗೆ ಹಿಡಿದಾಗ ಚಿಕ್ಕಪ್ಪ ಒಂದೊಂದೇ ಫೋಟೋ ತೋರಿಸಿ, ಇವರು ಯಾರು, ಯಾಕೆ ನಗ್ತಿದ್ದಾರೆ ಎಂದು ಕೇಳಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಅಡಿಯಲ್ಲಿ ಟೈಪ್ ಮಾಡಿದ್ದರು. ಚಿಕ್ಕಮ್ಮ ಈಗಿಲ್ಲ.

ಅವಳು ಬಿದ್ದಂಬೀಳ ಓಡಿಬಂದು ನೋಡಿದಳು. ಫೋಟೋಗಳು ಒಂದೂ ಬಿಡದೆ ಹೊಸ ಫೋಲ್ಡರಿನಲ್ಲಿದ್ದವು. ಸಾಫ್ಟ್‌ವೇರಿಗೆ ಮಾತ್ರ ಅವುಗಳ ಗುರುತೇ ಸಿಕ್ಕಿರಲಿಲ್ಲ. ಅದು ನೆನಪಿಟ್ಟುಕೊಂಡಿದ್ದದ್ದು ಅವು ಇದ್ದ ಜಾಗದ ವಿಳಾಸವನ್ನಷ್ಟೇ. ಮನೆ ಬದಲಿಸಿದವನನ್ನು ಸತ್ತನೆಂದು ತೀರ್ಮಾನಿಸುವ ಹಾಗೆ, ಹಳೆಯ ಜಾಗದಲ್ಲಿ ಫೋಟೋ ಕಾಣದ್ದಕ್ಕೆ ಅದರ ಬಗ್ಗೆ ಬರೆದದ್ದನ್ನೆಲ್ಲ ಅಳಿಸಿ ಕೈತೊಳೆದುಕೊಂಡಿತ್ತು. ಡಿಸ್ಕನ್ನೆಲ್ಲ ಜಾಲಾಡಿದರೂ ಒಂದು ಸಾಲೂ ಸಿಗಲಿಲ್ಲ.

ಈ ಬುದ್ಧಿವಂತಿಕೆ ಅದಕ್ಕೆ ಕಲಿಸಿದವಳು ಪುಟ್ಟಿಯೇ. "ಫೈಲಿಗೇ ಒಂದು ಗುರುತು ಕೊಡೋಣ, ಎಲ್ಲಿಗೆ ಹೋದ್ರೂ ಹುಡುಕ್ಕೊಳ್ಳುತ್ತೆ. ಸಿಗದಿದ್ರೆ ಬಳಸೋರನ್ನೇ ಕೇಳೋಣ, ಅಳಿಸೋದು ಬೇಡ" ಎಂದು ಜೊತೆಗೆ ಕೆಲಸ ಮಾಡುವವಳು ಮೀಟಿಂಗಿನಲ್ಲಿ ಬಡಕೊಂಡಿದ್ದಳು. "ಕಂಡಕಂಡಲ್ಲಿಗೆ ಎತ್ತಿ ಹಾಕೋರಿಗೆಲ್ಲ ನಾವು ಕಾವಲು ಕೂರೋಕಾಗುತ್ತಾ?" ಎಂದಿದ್ದಳು ಪುಟ್ಟಿ. ಎಲ್ಲರೂ ನಕ್ಕಿದ್ದರು. ಆ ನಗು ಈಗ ನೆನಪಾಗಿ ಅವಳಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು.

"ತಪ್ಪು ನಿಮ್ಮದಲ್ಲ ಚಿಕ್ಕಪ್ಪ, ನಂದು. ಹಾಗೆ ಅಳಿಸೋ ಥರ ಬರೆದವಳು ನಾನೇ."

"ಸುಮ್ನಿರೇ. ನನ್ನ ಸಮಾಧಾನಕ್ಕೆ ನಿನ್ನ ಮೇಲೆ ಹಾಕ್ಕೋಬೇಡ" ಎಂದು ಅವರು ಅವಳ ತಲೆ ಸವರಿದರು. ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವಳು ಜೊತೆಯವಳ ಮುಂದೆ ತಪ್ಪೊಪ್ಪಿಕೊಂಡಳು. ಇಬ್ಬರೂ ಹಟಕ್ಕೆ ಬಿದ್ದು ಸಾಫ್ಟ್‌ವೇರನ್ನು ಸರಿಮಾಡಿದರು. ಈಗ ಫೋಟೋ ಯಾವ ಮೂಲೆಗೆ ಹೋದರೂ ಬರಹ ಅದರ ಬೆನ್ನಿಗೇ ಹೋಗುತ್ತಿತ್ತು. ಹೊಸದನ್ನು ಹಾಕಿಕೊಡಲು ಹೋದಾಗ, ಚಿಕ್ಕಪ್ಪ ನೆನಪಿದ್ದಷ್ಟನ್ನು ಮತ್ತೆ ಟೈಪ್ ಮಾಡಿಟ್ಟಿದ್ದರು. ಒಂದು ಫೋಟೋದ ಅಡಿಯಲ್ಲಿ ಹೀಗಿತ್ತು: "ಇವರು ಯಾರೋ. ಅವಳಿಗೆ ಗೊತ್ತಿತ್ತು."

ಪುಟ್ಟಿ ಮೌಸನ್ನು ಅವರ ಕಡೆ ಸರಿಸಿದಳು. "ಇನ್ನು ಎಲ್ಲಿಗೆ ಬೇಕಾದ್ರೂ ಎತ್ತಿಡಿ ಚಿಕ್ಕಪ್ಪ, ಏನೂ ಆಗಲ್ಲ. ಒಂದ್ಸಲ ಮಾಡಿ ನೋಡಿ."

ಚಿಕ್ಕಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು.

"ಬೇಡ್ವೇ, ನಾನು ಮುಟ್ಟಲ್ಲ. ನೀನೇ ಮಾಡು."