ಹರಿಯಬಾರದಿದ್ದ ಹಾಳೆ

ಖಾನಾಪುರದ ಮಾರ್ತಾ ಅತ್ತೆಯ ಮನೆಗೆ ಹೋದವಳೇ ಗೋಡೆಯ ಕ್ಯಾಲೆಂಡರಿನಿಂದ ಹನ್ನೊಂದು ಹಾಳೆಗಳನ್ನು ಒಮ್ಮೆಲೇ ಹರಿದುಬಿಟ್ಟೆ. ದಿನಕ್ಕೊಂದು ಬೈಬಲ್ ವಾಕ್ಯವಿರುವ ಕ್ಯಾಲೆಂಡರ್ ಅದು. ವಯಸ್ಸಾಯಿತು, ಹರಿಯಲು ಮರೆತಿರಬೇಕು ಅಂದುಕೊಂಡಿದ್ದೆ.

ಅತ್ತೆ ನನ್ನ ಕೈಯಿಂದ ಎಲ್ಲಕ್ಕಿಂತ ಮೇಲಿನ ಹಾಳೆಯನ್ನಷ್ಟೇ ತೆಗೆದುಕೊಂಡು, ನಾಲ್ಕು ಅನ್ನದ ಅಗುಳು ಹಚ್ಚಿ, ಮತ್ತೆ ಅಲ್ಲೇ ಅಂಟಿಸಿದರು.

“ಓದೂದು ಮುಗದೈತವ್ವಾ, ಮಾಡೂದು ಉಳದೈತಿ.”

ಮುನಿಸಿಕೊಂಡವರೊಂದಿಗೆ ಮೊದಲು ಒಂದಾಗು, ದೇವರಿಗೆ ಕಾಣಿಕೆ ಆಮೇಲೆ ಎಂಬರ್ಥದ ವಾಕ್ಯ ಅದರಲ್ಲಿತ್ತು. ಬಾಜು ಮನೆಯ ಶಾಂತವ್ವನ ಕೋಳಿಗಳು ಅಂಗಳದ ಭತ್ತ ಕೆದರಿದಾಗ ಅತ್ತೆ ಆಡಬಾರದ ಮಾತು ಆಡಿದ್ದರಂತೆ. ಅಂದಿನಿಂದ ಎರಡು ಮನೆಗಳ ನಡುವೆ ಮಾತೇ ಇರಲಿಲ್ಲ.

ಸಂಜೆ ಅತ್ತೆ ನನ್ನನ್ನೂ ಕರೆದುಕೊಂಡು ಹೋಗಿ ಶಾಂತವ್ವನ ಹೊಸ್ತಿಲ ಹೊರಗೆ ನಿಂತರು. “ಅವತ್ತ ನಂದ ತಪ್ಪಾತು, ಶಾಂತವ್ವಾ” ಎಂದರು. ಶಾಂತವ್ವ “ಒಳಗ ಬರ್ರಿ, ಕುಂದರ್ರಿ” ಎಂದು ಚಹಾಕ್ಕೆ ನೀರಿಟ್ಟರು.

ಮರಳಿ ಬಂದ ಮೇಲೆ ಅತ್ತೆ ತಾವೇ ಆ ಹಾಳೆ ಕಿತ್ತರು. ನಾನು ಅದನ್ನು ಕೇಳಿ ಪಡೆದೆ. ಬೆಳಗಾವಿಯ ನಮ್ಮ ಮನೆಯಲ್ಲೂ ಅದೇ ಕ್ಯಾಲೆಂಡರ್ ಇದೆ. ಹಾಲು ಕಾಯುವಷ್ಟರಲ್ಲಿ ದಿನದ ವಾಕ್ಯ ಓದಿ, ಹಾಳೆ ಹರಿದು, ಅದರ ಹಿಂದೆ ಕಿರಾಣಿ ಯಾದಿ ಬರೆಯುವುದು ನನ್ನ ರೂಢಿ. ಈ ವಾಕ್ಯವಿದ್ದ ನನ್ನ ಹಾಳೆಯ ಹಿಂದೆಯೂ ಸಕ್ಕರೆ, ಸಾಬೂನು ಎಂದು ಬರೆದಿದ್ದೆ.

ಈಗ ಅತ್ತೆಯ ಹಾಳೆ ನಮ್ಮ ಗೋಡೆಯ ಮೇಲಿದೆ. ಒಂದು ವರ್ಷದಿಂದ ಮಾತು ಬಿಟ್ಟಿರುವ ಅಕ್ಕನ ಮನೆಗೆ ಭಾನುವಾರ ಹೋಗುತ್ತಿದ್ದೇನೆ. ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟಬೇಡಿ ಎಂದು ಮನೆಯಲ್ಲಿ ಹೇಳಿಟ್ಟಿದ್ದೇನೆ.