ಸರಿ ಎಂದ ಸತ್ಯಮೂರ್ತಿ

ಮುಂಬೈಯ ಸಯನ್‌ನ ಸತ್ಯಮೂರ್ತಿಗೆ ಎರಡು ಕೆಟ್ಟ ಅಭ್ಯಾಸಗಳಿದ್ದವು. ಒಂದು, ಯಾರು ಏನೇ ಹೇಳಿದರೂ ‘ಸರಿ’ ಎನ್ನುವುದು. ಇನ್ನೊಂದು, ಬೇರೆಯವರ ಕನ್ನಡ ತಿದ್ದುವುದು. ಮೊದಲನೆಯದು ತಾಯಿಯಿಂದ ಬಂದದ್ದಲ್ಲ. ಕೌಸಲ್ಯಮ್ಮ ಜನ್ಮದಲ್ಲಿ ಯಾವುದನ್ನೂ ಸರಿ ಎಂದು ಒಪ್ಪಿದವರಲ್ಲ. ಎರಡನೆಯದು ಮಾತ್ರ ಅಮ್ಮನ ಟ್ರಂಕಿನ ಜೊತೆ ಮೈಸೂರಿನಿಂದಲೇ ಬಂದಿಳಿದಿತ್ತು.

ವಿಲೆ ಪಾರ್ಲೆಯಲ್ಲಿ, ವಿಮಾನದ ಸರಕಿಗೆ ಕಾಗದಪತ್ರ ತಯಾರಿಸಿಕೊಡುವ ಸಣ್ಣ ಕಚೇರಿಯೊಂದರಲ್ಲಿ ಅವನಿಗೆ ಕೆಲಸ. ತೊಂಬತ್ತಮೂರರಲ್ಲಿ ಮಾಲೀಕರ ಅಳಿಯ ಸಿಂಗಾಪುರದಿಂದ ಒಂದು ಕಟ್ಟು ಫ್ಲಾಪಿ ತಂದು, “ಇದು ಲಿನಕ್ಸ್, ಕಂಪ್ಯೂಟರ್ ನಡೆಸುವ ಪ್ರೋಗ್ರಾಂ. ಏಕ್‌ದಮ್ ಫುಕಟ್, ಕಾಸಿಲ್ಲ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಬಿಚ್ಚಿ ನೋಡಬಹುದು” ಎಂದ. ಮುಂಬೈಯಲ್ಲಿ ಫುಕಟ್ ಸಿಗುವುದು ಲೋಕಲ್ ರೈಲಿನ ನೂಕಾಟವೊಂದೇ ಎಂದು ನಂಬಿದ್ದ ಮಾಲೀಕರು ಅನುಮಾನದಿಂದಲೇ ಒಪ್ಪಿದರು. ಒಂದು ಕಂಪ್ಯೂಟರಿಗೆ ಪರದೆ, ಕೀಲಿಮಣೆಗಳ ನಾಲ್ಕು ಟರ್ಮಿನಲ್ ಅಂಟಿಕೊಂಡವು. ಚಿತ್ರವಿಲ್ಲ, ಅಲಂಕಾರವಿಲ್ಲ, ಕಪ್ಪು ಪರದೆಯ ಮೇಲೆ ಮಿಣುಕುವ ಒಂದು ಗೆರೆ. ಅಲ್ಲಿ ಸರಿಯಾದ ಕಮಾಂಡ್ ಟೈಪ್ ಮಾಡಿದರೆ ಕೆಲಸ ಉಂಟು, ಇಲ್ಲದಿದ್ದರೆ ಬೈಗುಳ. ಸತ್ಯಮೂರ್ತಿ ಹೇಗೋ ಕಲಿತುಕೊಂಡ. ಉಳಿದವರಿಗೆ ಕಲಿಸುವ ಹೊಣೆಯೂ ಅವನ ತಲೆಗೇ ಬಂತು. ಅವನು ಸರಿ ಎಂದ.

ಕಲಿಯುವವರಲ್ಲಿ ಉಡುಪಿ ಕಡೆಯ ನೀಲಾವತಿಯೂ ಒಬ್ಬಳು. ಅವಳ ಸೋದರಮಾವ ಚೆನ್ನಯ ಅದೇ ಕಚೇರಿಯ ಮೇಲ್ವಿಚಾರಕ. ಅವನ ಮೇಜು ಇವರಿಬ್ಬರ ಮೇಜುಗಳ ನಡುವೆ, ಲೆವೆಲ್ ಕ್ರಾಸಿಂಗಿನ ಗೇಟಿನ ಹಾಗೆ, ಸದಾ ಇಳಿದೇ ಇರುತ್ತಿತ್ತು.

“ಎಲ್ಎಸ್ ಅಂದ್ರೆ ಒಳಗೆ ಏನೇನಿದೆ ತೋರಿಸು ಅಂತ. ಸಿಡಿ ಅಂದ್ರೆ ಬೇರೆ ಕೋಣೆಗೆ ಹೋಗು. ಪಿಡಬ್ಲ್ಯುಡಿ ಅಂದ್ರೆ ನಾನೆಲ್ಲಿದ್ದೀನಿ.”

“ಪಿಡಬ್ಲ್ಯುಡಿ ಅಂದ್ರೆ ರಸ್ತೆ ಅಗೆಯುವವರಲ್ವಾ?”

“ಅವರು ಅಗೆದ ಮೇಲೆ ನಾವೂ ಅದನ್ನೇ ಅಲ್ವೇನ್ರೀ ಕೇಳೋದು, ನಾನೆಲ್ಲಿದ್ದೀನಿ ಅಂತ.”

ಅವಳು ನಕ್ಕಳು. ಚೆನ್ನಯ ಕೆಮ್ಮಿದ. ಪಾಠ ಮುಗಿಯಿತು.

ಬಾಯಿಂದ ಆಡಲಾಗದ ಮಾತಿಗೆ ಆ ಯಂತ್ರದಲ್ಲೇ ದಾರಿಯಿತ್ತು. ‘ಎಕೋ’ ಎಂದು ಬರೆದು, ಮುಂದೆ ಹೇಳಬೇಕಾದದ್ದನ್ನು ಬರೆದು, ಕೊನೆಗೆ ‘ರೈಟ್’ ಎಂಬ ಕಮಾಂಡ್ ಜೋಡಿಸಿ ಎದುರಿನವರ ಹೆಸರು ಹಾಕಿದರೆ ಸಾಕು, ಮಾತು ಅವರ ಪರದೆಯ ಮೇಲೆ ಮೂಡುತ್ತಿತ್ತು. ಮೇಲ್ವಿಚಾರಕರ ತಲೆಯ ಮೇಲಿಂದಲ್ಲ, ಕಾಲಬುಡದ ಕೇಬಲ್ಲಿನಿಂದ. ಕನ್ನಡದ ಅಕ್ಷರಗಳಿರಲಿಲ್ಲ, ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯಬೇಕಿತ್ತು.

ನೀಲಾವತಿ ಮೊದಲು ಕೇಳಿದ್ದು “cha kudidra?” ಎಂದು. ಮಾತು ಅವನನ್ನು ತಲುಪಲೇ ಇಲ್ಲ. ಅವಳ ಪರದೆಯ ಮೇಲೆಯೇ No match ಎಂದು ಬಂತು. ಪಾಠದ ನೆಪದಲ್ಲಿ ಅವನನ್ನು ಕರೆದು ಪಿಸುಗುಟ್ಟಿದಳು:

“ಎಂತ ಮಾರಾಯ್ರೆ ಇದು? ಚಾ ಕುಡಿದ್ರಾ ಕೇಳಿದ್ರೆ ನೋ ಮ್ಯಾಚ್ ಅಂತದೆ! ಜಾತಕ ನೋಡ್ಲಿಕ್ಕೆ ಇನ್ನು ಭಟ್ರು ಬೇಡ, ನಿಮ್ಮ ಪೆಟ್ಟಿಗೆಯೇ ಸಾಕು.”

ಸತ್ಯಮೂರ್ತಿಯ ಕಿವಿ ಕೆಂಪಾಯಿತು. “ಪ್ರಶ್ನಾರ್ಥಕ ಚಿಹ್ನೆ ಹಾಕಬೇಡಿ. ಅದು ಇದಕ್ಕೆ ಪ್ರಶ್ನೆ ಅಲ್ಲ. ಆ ಜಾಗದಲ್ಲಿ ಯಾವುದೋ ಒಂದಕ್ಷರ ಇದೆ ಅಂತ ತಿಳ್ಕೊಂಡು, ಅಂಥ ಹೆಸರಿನ ಫೈಲ್ ಹುಡುಕೋಕೆ ಹೋಗುತ್ತೆ. ಸಿಗದಿದ್ರೆ ನೋ ಮ್ಯಾಚ್.”

“ಹಾಗಾದ್ರೆ ಕೇಳುದೇ ಬೇಡ್ವಾ?”

“ಚಿಹ್ನೆ ಇಲ್ಲದೆ ಕೇಳಿ. ಹಾಕಲೇಬೇಕು ಅಂದ್ರೆ ಒಂದು ಉಪಾಯ ಇದೆ, ಮಾತನ್ನ ಕೋಟ್ ಒಳಗೆ, ಅಂದ್ರೆ ಉದ್ಧರಣ ಚಿಹ್ನೆ ಒಳಗೆ...”

“ಪಾಠ ಆಯ್ತಾ ಸತ್ಯಮೂರ್ತಿಗಳೇ?” ಎಂದ ಚೆನ್ನಯ.

ಕೋಟ್‌ನ ಪಾಠ ಮುಂದಕ್ಕೆ ಹೋಯಿತು. ನೀಲಾವತಿ ಒಳ್ಳೆಯ ವಿದ್ಯಾರ್ಥಿನಿ. ಆಮೇಲೆ ಎಂದೂ ಪ್ರಶ್ನಾರ್ಥಕ ಚಿಹ್ನೆ ಹಾಕಲಿಲ್ಲ.

ಕೇಬಲ್ಲಿನಲ್ಲಿ ಚಹಾ ಹರಿಯಿತು, ತಮಾಷೆ ಹರಿಯಿತು, ನಿಧಾನಕ್ಕೆ ಇನ್ನೇನೋ ಹರಿಯಿತು. ಅವಳ ‘ಬರುದಿಲ್ಲ’, ‘ಆಗುದಿಲ್ಲ’ಗಳನ್ನು ಅವನು ಬಿಡದೆ ಕಾಡುತ್ತಿದ್ದ. “ಬರುದಿಲ್ಲ ಅಲ್ಲ ರೀ, ಬರಲ್ಲ ಅನ್ನಿ. ಒಂದು ಅಕ್ಷರ ಉಳಿಯುತ್ತೆ.” ಅವಳು, “ಉಳಿಸಿ ಬ್ಯಾಂಕಿಗೆ ಹಾಕ್ತೀರಾ?” ಎಂದು ಪಾಠದ ಹೊತ್ತಿನಲ್ಲಿ ಪಿಸುಗುಡುತ್ತಿದ್ದಳು.

ಅಷ್ಟರಲ್ಲಿ ಚೆನ್ನಯ ಕುಂದಾಪುರದ ಕಡೆಯ ಒಬ್ಬ ವರನನ್ನು ಹುಡುಕಿದ. ಸೋಮವಾರ ಅವರಿಗೆ ಮಾತು ಕೊಡುವುದೆಂದು ಗೊತ್ತಾಯಿತು. ಶುಕ್ರವಾರ ಸತ್ಯಮೂರ್ತಿ ಇದ್ದಬದ್ದ ಧೈರ್ಯವನ್ನೆಲ್ಲ ಬೆರಳಿಗೆ ತಂದುಕೊಂಡು ಬರೆದ: ಭಾನುವಾರ ಮನೆಗೆ ಬನ್ನಿ, ಅಮ್ಮ ನಿಮ್ಮನ್ನು ನೋಡಬೇಕಂತೆ, ಅಮ್ಮ ಒಪ್ಪಿದರೆ ನಿಮ್ಮ ಮಾವನ ಹತ್ತಿರ ನಾನೇ ಮಾತಾಡುತ್ತೇನೆ. ಯೋಚಿಸಿ ಹೇಳುತ್ತೇನೆ ಎಂದು ಅವಳ ಉತ್ತರ ಬಂತು.

ಶನಿವಾರ ಮಧ್ಯಾಹ್ನ ಅವನ ಪರದೆಯ ಮೇಲೆ ಎರಡೇ ಪದ ಮೂಡಿದವು: nale barala

ನಾಳೆ ಬರಲ್ಲ.

ಅವನು ಎರಡು ಸಲ ಓದಿದ. ಆ ಸಂಕಟದಲ್ಲೂ ಒಂದು ಹಾಳು ಹೆಮ್ಮೆ ತಲೆಯೆತ್ತಿತು: ಕೊನೆಗೂ ಬರುದಿಲ್ಲ ಹೋಗಿ ಬರಲ್ಲ ಬಂತು, ಬೇಡ ಎನ್ನುವುದನ್ನಾದರೂ ನನ್ನ ಕನ್ನಡದಲ್ಲಿ ಹೇಳಿದಳು. ಯಾಕೆ ಎಂದು ಕೇಳಿ ಪೀಡಿಸುವುದು ಅವನ ಜಾಯಮಾನವಲ್ಲ. “sari” ಎಂದು ಬರೆದು ಕಳಿಸಿದ. ತನ್ನ ಕಣ್ಣು ಯಾರಿಗೂ ಕಾಣಬಾರದೆಂದು ಟರ್ಮಿನಲ್‌ನ ಹಿಂದೆ ತಲೆ ತಗ್ಗಿಸಿದವನು, ಸಂಜೆಯವರೆಗೆ ಅವಳ ಕಡೆ ನೋಡಲಿಲ್ಲ.

ಕೌಸಲ್ಯಮ್ಮ ಚಿರೋಟಿಗೆ ರವೆ ನೆನೆಸಿದ್ದರು. “ಬರಲ್ವಂತಮ್ಮ” ಎಂದ. ಅವರು ಮಗನ ಮುಖ ನೋಡಿ, ಜನ್ಮದಲ್ಲಿ ಮೊದಲ ಬಾರಿಗೆ, “ಸರಿ ಬಿಡು” ಎಂದರು. ಭಾನುವಾರ ಮನೆಯಲ್ಲಿ ಕೂರಲಾಗದೆ ಇಬ್ಬರೂ ಬಾಗಿಲೆಳೆದುಕೊಂಡು, ಪರೇಲಿನ ಆಸ್ಪತ್ರೆಯಲ್ಲಿದ್ದ ಚಿಕ್ಕಮ್ಮನನ್ನು ನೋಡಲು ಹೋದರು.

ಸೋಮವಾರ ನೀಲಾವತಿಯ ಕಣ್ಣು ಊದಿತ್ತು. ಪಾಪ, ಅವಳಿಗೂ ಕಷ್ಟವಾಗಿದೆ ಎಂದುಕೊಂಡ. ಅವನೂ ಬರೆಯಲಿಲ್ಲ, ಅವಳೂ ಬರೆಯಲಿಲ್ಲ. ಚೆನ್ನಯ ಪೇಡೆ ಹಂಚಿದ. ಅವಳು ಕೆಲಸ ಬಿಟ್ಟಳು. ಮದುವೆಗೆ ಸತ್ಯಮೂರ್ತಿ ಒಂದು ಸೀರೆ ಕೊಟ್ಟ. ಇಂಗ್ಲಿಷಿನಲ್ಲಿ ಬರೆದರೆ ಅದೂ sariಯೇ.

ಮಗಳ ಬಾಣಂತನಕ್ಕೆಂದು ಆ ಸೋಮವಾರವೇ ಬಿಜಾಪುರಕ್ಕೆ ಹೋಗಿದ್ದ ಎದುರುಮನೆಯ ರುಕ್ಮಿಣಿಬಾಯಿ ಮಳೆಗಾಲದ ಹೊತ್ತಿಗೆ ಮರಳಿದರು. ಮೆಟ್ಟಿಲಲ್ಲೇ ಅವನನ್ನು ನಿಲ್ಲಿಸಿದರು.

“ಏನ್ರೀ ಸತ್ಯಣ್ಣ, ನಾ ಊರಿಗೆ ಹೋಗೂ ಹಿಂದಿನ ದಿನ, ಆ ಐತ್ವಾರ, ಎಲ್ಲಿ ಹೋಗಿದ್ರಿ? ಒಬ್ಬಾಕಿ ಬಂದಿದ್ಲಲ್ಲ, ಚಂದಾಗಿ ರೇಷ್ಮಿ ಸೀರಿ ಉಟ್ಕೊಂಡು, ಮಲ್ಲಿಗಿ ಮುಡ್ಕೊಂಡು. ಬಾಗಲಾ ಬಡದ ಬಡದ ಸಾಕಾಗಿ ಇಲ್ಲೇ ಕುಂತಿದ್ಲು. ಒಳಗ ಬಾರವ್ವಾ, ಚಾ ಕುಡಿ ಅಂದ್ರ ಒಲ್ಲೆ ಅಂದ್ಲು.”

“ಯಾರೂ... ಬರಲ್ಲ ಅಂದಿದ್ರಲ್ಲ...”

“ಹೌದೇನ್ರಿ? ಆಕಿ ಬ್ಯಾರೇನ ಹೇಳಿದ್ಲು. ‘ಬರಲಾ ಅಂತ ಕೇಳಿದ್ದೆ, ಸರಿ ಅಂದಿದ್ರು’ ಅಂದ್ಲು.”

ನಾಳೆ ಬರಲಾ.

ನೀಲಾವತಿ ಬರಲ್ಲ ಎನ್ನುವವಳೇ ಅಲ್ಲ. ಎಷ್ಟು ತಿದ್ದಿದರೂ ಅವಳು ತಿದ್ದಿಕೊಂಡಿರಲಿಲ್ಲ. ಬರದೇ ಇರುವುದಿದ್ದರೆ ಬರುದಿಲ್ಲ ಎಂದೇ ಬರೆಯುತ್ತಿದ್ದಳು. ಅವಳು ಕೇಳಿದ್ದು ಪ್ರಶ್ನೆ. ಹೇಳಿಕೊಟ್ಟ ಹಾಗೆ, ಚಿಹ್ನೆ ಇಲ್ಲದೆ ಕೇಳಿದ್ದಳು.

ಮರುದಿನ ಅವನು ಎಲ್ಲರಿಗಿಂತ ಮೊದಲೇ ಟರ್ಮಿನಲ್‌ನ ಮುಂದೆ ಕುಳಿತ. ಎಕೋ ಎಂದು ಬರೆದು, ಅಂದು ಹೇಳಿಕೊಡದೆ ಉಳಿದ ಕೋಟ್ ಹಾಕಿ, ಅದರೊಳಗೆ ಅವಳ ಮಾತನ್ನೇ ಬರೆದ. ಯಂತ್ರ ತಕರಾರಿಲ್ಲದೆ ಮಾರುದನಿ ಕೊಟ್ಟಿತು:

nale barala?

ಆಮೇಲೆ ಅದರ ಕೆಳಗೆ, ಅವಳಿಗೆ ಎಂದೂ ಏಕವಚನ ಬಳಸದಿದ್ದವನು, ಮೂರಕ್ಷರ ಒತ್ತಿದ: baa

baa: Command not found.

“ಎಂತ ಸತ್ಯಮೂರ್ತಿಗಳೇ, ಇಷ್ಟು ಬೇಗ ಬಂದಿದ್ದೀರಿ,” ಚೆನ್ನಯ ಊಟದ ಡಬ್ಬಿ ಇಳಿಸುತ್ತ ಕೇಳಿದ. “ಮೆಶಿನ್ ಹಾಳಾಯ್ತಾ?”

“ಇಲ್ಲ,” ಎಂದ ಸತ್ಯಮೂರ್ತಿ. “ಸರಿ ಇದೆ.”