ರೇಡಿಯೇಟರಿನಲ್ಲಿ ಬೆಂದ ರಾಗಿ

೧೯೫೪ರಲ್ಲಿ ನಾನು ಚಾಮರಾಜನಗರದ ಒಂದು ಮೋಟಾರು ಷೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜು ಹಾಕಿದ ಜೀಪುಗಳು ನಮ್ಮ ಕಡೆಯ ವ್ಯಾಪಾರಿಗಳ ಕೈಸೇರಿ, ಈರುಳ್ಳಿ ಮೂಟೆಯಿಂದ ಮದುವೆ ದಿಬ್ಬಣದವರೆಗೆ ಎಲ್ಲವನ್ನೂ ಹೊರುತ್ತಿದ್ದ ಕಾಲ ಅದು. ಆಯುಧಪೂಜೆ ಕಳೆದು ವಾರವಾಗಿತ್ತು. ಜೀಪು ಕೆಟ್ಟಿದೆ, ಕೂಡಲೇ ಬರಬೇಕು ಎಂದು ಗುಂಡ್ಲುಪೇಟೆಯ ಈರುಳ್ಳಿ ವ್ಯಾಪಾರಿ ಮಹದೇವಪ್ಪನವರು ಹೇಳಿಕಳಿಸಿದರು. ಸಾಮಾನಿನ ಪೆಟ್ಟಿಗೆಯೊಂದಿಗೆ ಬೆಳಗಿನ ಬಸ್ಸು ಹತ್ತಿದೆ. ಹೆಂಡತಿ ಕಟ್ಟಿಕೊಟ್ಟ ರೊಟ್ಟಿ ಆ ದಿನ ಗಂಟಿನಲ್ಲೇ ಉಳಿಯಿತು.

ಅವಸರ ಏಕೆಂದು ಅವರ ಜಗಲಿಯಲ್ಲೇ ತಿಳಿಯಿತು. ಮಗಳು ನಾಗಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆ, ನೋವು ಕಾಣಿಸಿದ ತಕ್ಷಣ ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಡಾಕ್ಟರು ಹೇಳಿದ್ದರು. ಜೀಪು ಮಾತ್ರ, ತಳ್ಳಿ ಹೊರಡಿಸಿದರೂ, ಊರು ದಾಟುವುದರೊಳಗೆ ಕುದಿಯುತ್ತಿತ್ತು.

"ಇಂಜಿನ್ನೇ ಬಿಗ್ದೋಗದೆ ಅಂತವ್ನೆ ಇಲ್ಲಿನ ಮೇಸ್ತ್ರಿ. ಬಿಚ್ಚುದ್ರೆ ಎಂಟ್ ದಿನ ಆಯ್ತದಂತೆ," ಎಂದರು ಮಹದೇವಪ್ಪ. "ಬಸ್ರಿ ಹೊಟ್ಟೆ ಎಂಟ್ ದಿನ ಕಾದದಾ?"

ಆ ಮೇಸ್ತ್ರಿಯ ಅನುಮಾನ ಸುಳ್ಳೆನ್ನುವಂತಿರಲಿಲ್ಲ. ನೀರು ಕುದಿಯುತ್ತಿತ್ತು, ಹೊಸ ಬ್ಯಾಟರಿ ಹಾಕಿದರೂ ಸ್ಟಾರ್ಟರ್ ಬರೀ ಗೊರಗುಟ್ಟುತ್ತಿತ್ತು. ಎರಡೂ ಕೂಡಿದರೆ ಯಾರಿಗಾದರೂ ಇಂಜಿನ್ನಿನ ಮೇಲೇ ಕಣ್ಣು ಹೋಗುತ್ತದೆ. ಬಿಚ್ಚುವ ಮುಂಚೆ ಒಂದು ಸಲ ನೋಡೋಣವೆಂದು ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಿದೆ. ಸಲೀಸಾಗಿ ತಿರುಗಿತು. ಇಂಜಿನ್ ಬಿಗಿದಿರಲಿಲ್ಲ.

ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋದ ಕರೆಂಟು ಗಾಡಿಯ ಕಬ್ಬಿಣದ ಮೈಯಿಂದಲೇ ಬ್ಯಾಟರಿಗೆ ಮರಳಬೇಕು. ಇದಕ್ಕೆ ಅರ್ತ್ ಎನ್ನುತ್ತೇವೆ. ಬ್ಯಾಟರಿಯಿಂದ ಇಂಜಿನ್ನಿಗೆ ನೇರವಾಗಿ ಒಂದು ದಪ್ಪ ತಂತಿ ಹಿಡಿದೆ. ಸ್ಟಾರ್ಟರ್ ಗಿರ್ರನೆ ತಿರುಗಿತು. ಬ್ಯಾಟರಿಯನ್ನು ಗಾಡಿಯ ಮೈಗೆ ಸೇರಿಸುವ ಅರ್ತ್ ಪಟ್ಟಿ ಬಿಚ್ಚಿ ನೋಡಿದರೆ ಅಡಿಯಲ್ಲಿ ಕರೆಂಟು ದಾಟದಂತೆ ಹಸಿರು ಪೇಂಟು ಗಟ್ಟಿಯಾಗಿ ಕೂತಿತ್ತು.

"ಪೂಜೆಗೆ ಅಂತ ನಾನೇ ಬಳ್ದೆ ಮೇಸ್ತ್ರಿ," ಎಂದ ಡ್ರೈವರ್ ಖಾದರ್. "ಪಟ್ಟಿ ಬಿಚ್ಚಿ, ಅಡೀಲೂ ಬಳ್ದು, ತಿರ್ಗಾ ಬಿಗ್ದೆ. ಒಂದಿಂಚೂ ಬುಡ್ನಿಲ್ಲ."

"ಆ ಒಂದಿಂಚು ಬುಡ್ಬೇಕಿತ್ತು ಕಣಯ್ಯ!"

ಪೇಂಟು ಕೆರೆದು ಬಿಗಿದೆ. ಉಳಿದದ್ದು ಕುದಿತ. ನೀರು ಬಸಿಯಲು ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿದರೆ ಹನಿಯೂ ಇಳಿಯಲಿಲ್ಲ. ತಂತಿಯಿಂದ ಚುಚ್ಚಿದೆ. ಕಂದು ಬಣ್ಣದ ಗಂಜಿ ತೊಟ್ಟಿಕ್ಕಿತು, ಸೀದ ವಾಸನೆಯೊಂದಿಗೆ.

"ಏನ್ ಖಾದರ್ ಇದು, ಅಂಬ್ಲಿಯಾ?"

ಖಾದರ್ ಬಾಗಿಲ ಕಡೆ ನೋಡಿದ. ಅಲ್ಲಿ ಮಹದೇವಪ್ಪನವರ ತಾಯಿ ಸಿದ್ದವ್ವ ನಿಂತಿದ್ದರು.

"ನಾನೇ ಆಕ್ಸಿದ್ದು ಕಣ್ ಮಗ. ನೀರ್ ಸೋರ್ತದೆ ಅಂದ ಇವ. ಸೋರೋ ಮಡ್ಕೆಗೆ ರಾಗಿ ಗಂಜಿ ಕಾಯ್ಸುದ್ರೆ ತೂತು ಮುಚ್ಕತದೆ. ಇದೂ ನೀರ್ ಕಾಯೋ ಮಡ್ಕೇನೆ ಅಲ್ವಾ?"

"ಮುಚ್ಕಂಡದೆ ಅವ್ವ. ಎಲ್ಲಾ ತೂತೂ ಮುಚ್ಕಂಡದೆ."

ರೇಡಿಯೇಟರಿನ ಒಳಗೆ ಸಣ್ಣ ಕೊಳವೆಗಳಿರುತ್ತವೆ. ಬಿಸಿನೀರು ಅವುಗಳಲ್ಲಿ ಇಳಿಯುವಾಗ ಗಾಳಿಗೆ ತಣಿಯಬೇಕು. ಅಲ್ಲಿ ರಾಗಿ ಬೆಂದು ಅಂಟಿತ್ತು. ಇಡೀ ರೇಡಿಯೇಟರನ್ನು ಇಳಿಸಿ ಅಂಗಳದಲ್ಲಿ ತಲೆಕೆಳಗು ಮಾಡಿದೆ. ಅದೇ ಹೊತ್ತಿಗೆ ಒಳಗಿನಿಂದ ನಾಗಮ್ಮ ನರಳಿದ್ದು ಕೇಳಿಸಿತು.

ಮಹದೇವಪ್ಪ ಜಗಲಿಗೂ ಅಂಗಳಕ್ಕೂ ಓಡಾಡುತ್ತ "ಆಯ್ತಾ ಮೇಸ್ತ್ರಿ?" ಎನ್ನುವರು. ಮೈಸೂರಿನ ಬಸ್ಸು ಆಗಲೇ ಹೋಗಿತ್ತು. ಸಿದ್ದವ್ವ ಬಚ್ಚಲ ಹಂಡೆಯ ಬಿಸಿನೀರು ತಂದು ತಂದು ಕೊಟ್ಟರು. ವಾಷಿಂಗ್ ಸೋಡಾ ಕಲಸಿ ಹೊಯ್ದೆ, ಅಲುಗಿಸಿದೆ, ಬಗ್ಗಿಸಿದೆ, ಮತ್ತೆ ಹೊಯ್ದೆ. ಒಳಗೆ ನರಳಿಕೆ ನಿಂತರೂ ಭಯ, ಶುರುವಾದರೂ ಭಯ. ಕೊನೆಗೆ ನೀರು ತಿಳಿಯಾಗಿ ಧಾರೆಗಟ್ಟಿತು. ಸೋರುವ ಜಾಗಕ್ಕೆ ಬೆಸುಗೆ ಹಾಕಿ ಜೋಡಿಸಿದೆ.

ಖಾದರ್ ಓಡಿಸಿದ. ನಾನು ಪಕ್ಕದಲ್ಲಿ, ಹಿಂದೆ ಮಹದೇವಪ್ಪ, ಸಿದ್ದವ್ವ, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ನಾಗಮ್ಮ. ಏರು ಬಂದಾಗಲೆಲ್ಲ ನೀರಿನ ಬಿಸಿ ತೋರಿಸುವ ಮುಳ್ಳು ಮೇಲೇಳುವುದು, ನನ್ನ ಕಾಲು ತಾನಾಗಿ ನೆಲ ಒತ್ತುವುದು. ಬೇಗೂರು ದಾಟಿತು, ನಂಜನಗೂಡು ದಾಟಿತು. ಮುಳ್ಳು ಒಂದು ಮಟ್ಟದಲ್ಲೇ ನಿಂತಿತು.

ಆಸ್ಪತ್ರೆಯ ಮುಂದೆ ನಾಗಮ್ಮನನ್ನು ಒಳಗೊಯ್ದ ಮೇಲೂ ಇಂಜಿನ್ ಆಡುತ್ತಲೇ ಇತ್ತು.

"ಆರಿಸ್ಲಾ ಮೇಸ್ತ್ರಿ?"

"ಬ್ಯಾಡ, ಇರ್ಲಿ ಬುಡು. ಇನ್ನೆಲ್ಗಾದ್ರೂ ಓಡ್ಬೇಕಾದ್ರೆ?"

ತಾಯಿ, ಹೆಣ್ಣುಮಗು ಇಬ್ಬರೂ ಕ್ಷೇಮ ಎಂದು ಮಹದೇವಪ್ಪ ಬಂದು ಹೇಳಿದ ಮೇಲೇ ಕೀಲಿ ತಿರುಗಿಸಿದ್ದು.

ಅಂದಿನಿಂದ ಯಾವ ಗಾಡಿ ಬಂದರೂ, ಬಾನೆಟ್ ಎತ್ತುವ ಮುಂಚೆ "ಇದಕ್ಕೆ ಮನೆಯಲ್ಲಿ ಏನು ಮದ್ದು ಮಾಡಿದ್ದೀರಿ?" ಎಂದು ಕೇಳುತ್ತೇನೆ. ನಗದೆ ಕೇಳಬೇಕು, ನಕ್ಕರೆ ಹೇಳುವುದಿಲ್ಲ. ಅಕ್ಕರೆಯಿಂದ ಕೆಟ್ಟ ಗಾಡಿಗಳನ್ನೇ ನಾನು ಹೆಚ್ಚು ರಿಪೇರಿ ಮಾಡಿದ್ದೇನೆ.

ಮಗುವಿನ ನಾಮಕರಣಕ್ಕೆ ಹೋದಾಗ ಸಿದ್ದವ್ವ ಲೋಟ ತುಂಬ ಅಂಬಲಿ ಮುಂದಿಟ್ಟರು.

"ಕುಡಿ ಮಗ, ಇದು ನಿಂಗೆ. ಗಾಡಿಗೆ ಬರೀ ನೀರೇ ಆಕ್ಸಿವ್ನಿ."